ತೀರ ಕಾಯುವ ತೋಪಿನ ಕಾಂಕ್ರೀಟ್ ಕಟ್ಟೆ: ಮೇಲೆ ಸ್ಲಾಬ್ ಬೇಕಾ, ಬೇಡವಾ?

ವಿದ್ಯಾನಗರ ಮಾಡೆಲರ್ (ಹುಬ್ಬಳ್ಳಿ)

ಎಲ್ಲರಿಗೂ ನಮಸ್ಕಾರ. ನಾವು ಮಾಡೆಲ್ ಮಾಡುವ ಕೆಲವು ಗೆಳೆಯರು ಸೇರಿ ಮುಂದಿನ ತಿಂಗಳು ಧಾರವಾಡದಲ್ಲಿ ಸಣ್ಣ ಪ್ರದರ್ಶನ ಇಡುತ್ತಿದ್ದೇವೆ. ಟ್ಯಾಂಕು, ವಿಮಾನ ಎಲ್ಲರೂ ತರ್ತಾರೆ. ನಾನು ಈ ಸಲ ಬೇರೆ ಏನಾದರೂ ಮಾಡೋಣ ಅಂತ, ಹಡಗುಗಳನ್ನು ತಡೆಯಲು ಸಮುದ್ರ ದಂಡೆಯಲ್ಲಿ ಕಟ್ಟುತ್ತಿದ್ದ ಕಾಂಕ್ರೀಟ್ ತೋಪಿನ ಕಟ್ಟೆ ಆರಿಸಿಕೊಂಡಿದ್ದೇನೆ. ಅಳತೆ 1:35. ಥರ್ಮಾಕೋಲ್ ಕತ್ತರಿಸಿ ಮೇಲೆ ಪಿಒಪಿ. ಸಾಮಾನೆಲ್ಲ ದುರ್ಗದ ಬೈಲಿನಲ್ಲಿ ಸಿಕ್ಕಿದೆ.

ಗೊಂದಲ ಒಂದೇ. ಫೋಟೋ ನೋಡಿದರೆ ಕೆಲವು ಕಟ್ಟೆಗಳು ಬರೀ ದುಂಡನೆಯ ಗುಂಡಿ, ಮೇಲೆ ಆಕಾಶ. ಇನ್ನು ಕೆಲವಕ್ಕೆ ಭಯಂಕರ ದಪ್ಪದ ಸ್ಲಾಬ್, ಮುಂದೆ ಒಂದು ಕಿಂಡಿ. ಸ್ಲಾಬ್ ಇಲ್ಲದಿದ್ದರೆ ಅದೆಂಥ ಬಂಕರ್ ಅಂತ ಗೆಳೆಯನ ವಾದ. ಯಾವುದನ್ನು ಮಾಡಲಿ? ಒಳಗೆ ಏನೇನು ಇರುತ್ತಿತ್ತು? ಗೊತ್ತಿದ್ದವರು ಹೇಳಿ.

ಸಾಧನಕೇರಿ ಹುಡುಗ (ಧಾರವಾಡ)

ಸ್ಲಾಬ್ ಹಾಕಿ ಅಣ್ಣಾ. ತಲೆ ಮೇಲೆ ಬಾಂಬ್ ಬಿದ್ದರೆ ಗುಂಡಿಯಲ್ಲಿ ನಿಂತವರ ಗತಿ?

ನಿವೃತ್ತ ತೋಪಚಿ (ಹಾವೇರಿ)

ತಮ್ಮಾ, ಬಾಂಬ್ ಬೀಳಬೇಕಾದರೆ ವಿಮಾನ ಇರಬೇಕಲ್ಲ. ಆ ತೆರೆದ ಗುಂಡಿಗಳಲ್ಲಿ ಬಹಳಷ್ಟು 1890ರಿಂದ 1910ರ ಒಳಗೆ ಕಟ್ಟಿದವು. ರೈಟ್ ಸಹೋದರರು ಹಾರಿದ್ದೇ 1903ರಲ್ಲಿ. ಆಗ ವೈರಿ ಅಂದರೆ ಹಡಗು. ಹಡಗಿನಿಂದ ಬರುವ ಗುಂಡು ಹೆಚ್ಚು ಕಡಿಮೆ ಚಪ್ಪಟೆಯಾಗಿ, ಎದುರಿನಿಂದ ಬರುತ್ತಿತ್ತು. ಮುಂದೆ ದಪ್ಪನೆಯ ಅಡ್ಡಗೋಡೆ ಇದ್ದರೆ ಮುಗೀತು. ಸ್ಲಾಬ್ ಹಾಕಿದರೆ ದುಡ್ಡು ದಂಡ, ತೋಪು ತಿರುಗಿಸೋಕೂ ಅಡ್ಡಿ.

ನನ್ನ ಸರ್ವಿಸ್ ಎಲ್ಲ ಮೈದಾನದ ತೋಪುಗಳ ಜೊತೆ. ತೀರದ ತೋಪು ನಡೆಸಿದವನಲ್ಲ. ಆದರೆ ಓದುವ ಚಟ ಇದೆ. ಅಮೆರಿಕದಲ್ಲಿ 1885ರಲ್ಲಿ ಎಂಡಿಕಾಟ್ ಬೋರ್ಡ್ ಅಂತ ಒಂದು ಸಮಿತಿ ಮಾಡಿದರು. ಅದರ ಸಲಹೆ ಮೇಲೆ ಅವರ ಬಂದರುಗಳ ಬಾಯಲ್ಲೆಲ್ಲ ಇಂಥ ಕಟ್ಟೆ ಎದ್ದವು. ಅದರಲ್ಲಿ ನನಗೆ ಬಹಳ ಇಷ್ಟವಾದದ್ದು ಅಡಗುವ ತೋಪು. ನಳಿಗೆ ಎರಡು ದೊಡ್ಡ ತೋಳುಗಳ ತುದಿಯಲ್ಲಿ ಕೂತಿರುತ್ತದೆ. ತೋಳಿನ ಇನ್ನೊಂದು ತುದಿಗೆ ಕೆಳಗಿನ ಹೊಂಡದಲ್ಲಿ ಸೀಸದ ಭಾರ. ನಮ್ಮ ಬಾವಿಯ ಏತ ನೋಡಿದ್ದೀರಲ್ಲ, ಹಾಗೆ. ಚಿಲಕ ಬಿಟ್ಟರೆ ಭಾರ ಕೆಳಗಿಳಿದು ನಳಿಗೆ ಗೋಡೆಯ ಮೇಲಕ್ಕೆ ಏಳುತ್ತದೆ. ಗುಂಡು ಹಾರಿದ ಒದೆತಕ್ಕೆ ನಳಿಗೆ ಹಿಂದೆ ಸರಿದು ಕೆಳಗೆ ಬಂದು ಕೂರುತ್ತದೆ, ಭಾರ ಮತ್ತೆ ಮೇಲೆ. ಅಲ್ಲೇ ಹಲ್ಲು ಕಚ್ಚಿ ನಿಲ್ಲುತ್ತದೆ. ಗುಂಡು ತುಂಬುವವರು ಪೂರ್ತಿ ಗೋಡೆಯ ಮರೆಯಲ್ಲಿ. ಹಡಗಿನವನಿಗೆ ಕಾಣೋದು ಒಂದು ಕ್ಷಣ ಮಾತ್ರ.

ಒದೆತವನ್ನು ತಡೆಯೋದಕ್ಕೇ ನಾವು ಅರ್ಧ ಜೀವನ ಒದ್ದಾಡಿದವರು. ಅದನ್ನೇ ಕೂಲಿಗೆ ಹಚ್ಚಿದ್ದಾರೆ ನೋಡಿ!

ಸ್ಯಾನ್ ಫ್ರಾನ್ಸಿಸ್ಕೋದ ಬೇಕರ್ ಬೀಚ್ ಪಕ್ಕ ಬ್ಯಾಟರಿ ಚೇಂಬರ್ಲಿನ್ ಅಂತ ಇದೆ. ಬ್ಯಾಟರಿ ಅಂದರೆ ಇಲ್ಲಿ ತೋಪುಗಳನ್ನು ಕೂರಿಸಿದ ನೆಲೆ. ಅಲ್ಲಿ 6 ಇಂಚಿನ ಅಡಗುವ ತೋಪು ಈಗಲೂ ಇದೆ, ಏರಿಸಿ ಇಳಿಸಿ ತೋರಿಸುತ್ತಾರೆ. ಮಾಡೆಲರ್, ವಿಡಿಯೋ ಹುಡುಕಿ ನೋಡಿ.

ಬೆಟಗೇರಿ ಟೀಚರ್ (ಗದಗ)

ಕಾಕಾ ಹೇಳಿದ್ದು ಸರಿ. ಒಂದು ಸೇರಿಸ್ತೀನಿ. ಮೊದಲು ತೀರದ ಕೋಟೆ ಅಂದರೆ ಎತ್ತರದ ಇಟ್ಟಿಗೆ ಗೋಡೆ, ಅಂತಸ್ತಿನ ಮೇಲೆ ಅಂತಸ್ತು ತೋಪು. ಅಮೆರಿಕದ ಅಂತರ್ಯುದ್ಧದಲ್ಲಿ, 1862ರ ಏಪ್ರಿಲ್‌ನಲ್ಲಿ, ಪುಲಾಸ್ಕಿ ಕೋಟೆಯ ಮೇಲೆ ಎದುರಿನ ಟೈಬಿ ದ್ವೀಪದಿಂದ ಹೊಸ ಬಗೆಯ ತೋಪು ಹಾರಿಸಿದರು. ನಳಿಗೆಯ ಒಳಗೆ ಸುರುಳಿ ಗೀರು ಇರುವ ತೋಪು ಅವು. ಎರಡನೇ ದಿನವೇ ಗೋಡೆ ಬಾಯಿ ಬಿಟ್ಟಿತು, ಕೋಟೆ ಶರಣಾಯಿತು. ಅದೇ ಯುದ್ಧದಲ್ಲಿ ಬರೀ ಮಣ್ಣು ಉಸುಕಿನ ದಿಬ್ಬಗಳು ಎಷ್ಟು ಗುಂಡು ತಿಂದರೂ ಜಗ್ಗಲಿಲ್ಲ. ಗುಂಡು ಹೂತುಹೋಗುತ್ತಿತ್ತು ಅಷ್ಟೆ.

ಆಮೇಲೆ ಎಲ್ಲರೂ ಮಣ್ಣಿಗೆ ಬಂದರು. ಸಮುದ್ರದ ಕಡೆ ಇಳಿಜಾರು ಮಣ್ಣು, ಅದರ ಹಿಂದೆ ಕಾಂಕ್ರೀಟ್. ಹಡಗಿನಿಂದ ನೋಡಿದರೆ ಹುಲ್ಲು ಬೆಳೆದ ದಿಬ್ಬ ಮಾತ್ರ. ಮಾಡೆಲರ್, ನಿಮ್ಮ ಮಾಡೆಲ್ಲಿನ ಎದುರು ಭಾಗದಲ್ಲಿ ಕಾಂಕ್ರೀಟ್ ಜಾಸ್ತಿ ಕಾಣಬಾರದು. ಅಂದ ಎಲ್ಲ ಹಿಂಬದಿಯಲ್ಲಿ.

ನಮ್ಮ ವಿಜಯಪುರದ ಉಪ್ಪಲಿ ಬುರುಜು ಇದಕ್ಕೆ ಪೂರ್ತಿ ಉಲ್ಟಾ. 1584ರದ್ದು. ಸುಮಾರು 24 ಮೀಟರ್ ಎತ್ತರ, ಹೊರಗಿನಿಂದ ಸುತ್ತಿಕೊಂಡು ಹೋಗುವ ಮೆಟ್ಟಿಲು, ತುದಿಯಲ್ಲಿ 9 ಮೀಟರ್ ಉದ್ದದ ತೋಪು. ದೂರ ನೋಡಬೇಕು, ದೂರದವರಿಗೆ ಕಾಣಬೇಕು ಅನ್ನುವ ಕಾಲ ಅದು. ಮಕ್ಕಳನ್ನು ಕರೆದುಕೊಂಡು ಹೋದಾಗಲೆಲ್ಲ ಮೇಲೆ ಹತ್ತಿ ತೋಪಿನ ಮೇಲೆ ಕೂರೋಕೆ ಜಗಳ. ಇರಲಿ.

ಗೋಕುಲ ರೋಡ್ ಗೌಂಡಿ (ಹುಬ್ಬಳ್ಳಿ)

ತೋಪು ನಿಮಗೆ ಬಿಟ್ಟೆ. ಕಾಂಕ್ರೀಟ್ ಬಗ್ಗೆ ನಾನು ಮಾತಾಡ್ತೀನಿ.

ಆ ಹಳೇ ಕಟ್ಟೆಗಳಲ್ಲಿ ಹೆಚ್ಚಿನವಕ್ಕೆ ರಾಡೇ ಇಲ್ಲ. ಬರೀ ಸಿಮೆಂಟು, ಉಸುಕು, ಖಡಿ. ದಪ್ಪದ ಮೇಲೆಯೇ ಧೈರ್ಯ. ರಾಡ್ ಇಲ್ಲದ್ದೇ ಒಂದು ರೀತಿ ಪುಣ್ಯ ಆಯಿತು. ಸಮುದ್ರದ ಉಪ್ಪು ಕಾಂಕ್ರೀಟಿನೊಳಗೆ ಇಳಿದರೆ ರಾಡಿಗೆ ತುಕ್ಕು. ತುಕ್ಕು ಕಬ್ಬಿಣಕ್ಕಿಂತ ಎಷ್ಟೋ ಪಟ್ಟು ಜಾಗ ಕೇಳುತ್ತದೆ. ಒಳಗಿನಿಂದಲೇ ಕಾಂಕ್ರೀಟ್ ಒಡೆದು ಹೊಪ್ಪಳಿಕೆ ಹೊಪ್ಪಳಿಕೆಯಾಗಿ ಉದುರುತ್ತದೆ. ಕಾರವಾರ, ಅಂಕೋಲಾ ಕಡೆ ದಂಡೆಯ ಮನೆಗಳ ಸಜ್ಜಾ ನೋಡಿ, ಗೊತ್ತಾಗುತ್ತೆ. ರಾಡಿಲ್ಲದ ಕಟ್ಟೆಗೆ ಆ ರೋಗ ಇಲ್ಲ. ನೂರು ವರ್ಷ ದಾಟಿದರೂ ನಿಂತಿವೆ.

ಅದರ ರೋಗ ಬೇರೆ: ನೀರು. ತೋಪಿನ ಕೆಳಗೆ, ಇಲ್ಲಾ ಪಕ್ಕದಲ್ಲಿ ಮದ್ದಿನ ಮನೆ. ಸುತ್ತ ಮಣ್ಣು, ಒಳಗೆ ತಂಪು. ಸಮುದ್ರದ ಬಿಸಿ ಹಸಿ ಗಾಳಿ ಒಳಗೆ ಹೋದರೆ ಗೋಡೆಯೆಲ್ಲ ಬೆವರುತ್ತದೆ. ಮೇಲಿನಿಂದ ಬಿರುಕಲ್ಲಿ ಸೋರಿಕೆ. ಮದ್ದು ತೇವ ಆದರೆ ಗುಂಡು ಎಲ್ಲಿಗೆ ಹೋಗಿ ಬೀಳುತ್ತದೋ ಹೇಳೋಕಾಗಲ್ಲ. ವೈರಿ ಹಡಗು ಅಲ್ಲಿ ಬಂದಿದ್ದೇ ಅಪರೂಪ, ವರ್ಷಪೂರ್ತಿ ಹೊಡೆದಾಟ ಈ ಹಸಿ ಜೊತೆ.

ಇನ್ನು ಮುಖ್ಯ ಮಾತು. ನಿಮ್ಮ ಮಾಡೆಲ್ಲಿನಲ್ಲಿ ತೋಪು ಕೂರುವ ಜಾಗಕ್ಕೆ ದುಂಡಗೆ ಬೋಲ್ಟುಗಳ ಸಾಲು ಇಡೋದು ಮರೀಬೇಡಿ. ಕಾಂಕ್ರೀಟ್ ಹಾಕುವ ಮೊದಲೇ ಟೆಂಪ್ಲೇಟ್ ಇಟ್ಟು ಬೋಲ್ಟುಗಳನ್ನು ನಿಲ್ಲಿಸಬೇಕು. ಆಮೇಲೆ ಅದರ ಮೇಲೆ ಕಬ್ಬಿಣದ ಬಳೆ ಕೂರಿಸಿ ಲೆವೆಲ್ ಹಿಡೀಬೇಕು. ನಾನು ತಾರಿಹಾಳದಲ್ಲಿ ಪ್ರೆಸ್ ಮಷಿನ್ನುಗಳಿಗೆ ಫೌಂಡೇಶನ್ ಹಾಕಿದವನು. ಒಂದು ಬೋಲ್ಟ್ ಎರಡು ಮಿಲಿಮೀಟರ್ ಆಚೆ ಹೋದರೆ ಮಷಿನ್ನಿನ ಪಾದ ಒಳಗೇ ಹೋಗಲ್ಲ, ಫಿಟ್ಟರ್ ಬಂದು ನಮ್ಮ ಮುಖ ನೋಡ್ತಾನೆ. ಇಲ್ಲಿ ಇನ್ನೂ ಕಷ್ಟ. ಬಳೆ ಒಂದು ಕಡೆ ವಾಲಿದ್ದರೆ ತೋಪು ತಿರುಗಿದ ಹಾಗೆಲ್ಲ ನಳಿಗೆಯ ಎತ್ತರ ತಾನಾಗಿ ಬದಲಾಗುತ್ತದೆ. ಬಡಗಣ ದಿಕ್ಕಿಗೆ ಸರಿ ಬಿದ್ದ ಗುಂಡು ಪಡುವಣಕ್ಕೆ ಗಿಡ್ಡ ಬೀಳುತ್ತದೆ.

ವಿದ್ಯಾನಗರ ಮಾಡೆಲರ್

ಗೌಂಡಿ ಅಣ್ಣಾ, ಈ ಬೋಲ್ಟ್ ವಿಷಯ ನನಗೆ ಎಲ್ಲೂ ಸಿಕ್ಕಿರಲಿಲ್ಲ. ಸೈಕಲ್ ಕಡ್ಡಿ ಕತ್ತರಿಸಿ ಬೋಲ್ಟ್ ಮಾಡ್ತೀನಿ.

ಇನ್ನೊಂದು. ಎಲ್ಲ ಫೋಟೋದಲ್ಲೂ ಕಟ್ಟೆ ಇದೆ, ತೋಪೇ ಇಲ್ಲ. ಎಲ್ಲಿ ಹೋದವು?

ನಿವೃತ್ತ ತೋಪಚಿ

ಗುಜರಿಗೆ. ಉಕ್ಕಿಗೆ ಬೆಲೆ ಇದೆ, ಒಡೆದ ಕಾಂಕ್ರೀಟಿಗೆ ಯಾರು ದುಡ್ಡು ಕೊಡ್ತಾರೆ? ವಾಷಿಂಗ್ಟನ್ ರಾಜ್ಯದ ಫೋರ್ಟ್ ಕೇಸಿಯಲ್ಲಿ ಈಗ ಎರಡು 10 ಇಂಚಿನ ಅಡಗುವ ತೋಪು ಇವೆ. ಅವು ಅಲ್ಲಿಯವಲ್ಲ. ಅಲ್ಲಿನವು ಎಂದೋ ಕರಗಿದವು. 1960ರ ದಶಕದಲ್ಲಿ ಫಿಲಿಪ್ಪೀನ್ಸ್‌ನ ಸೂಬಿಕ್ ಕೊಲ್ಲಿಯ ಫೋರ್ಟ್ ವಿಂಟ್‌ನಿಂದ ತಂದು ಕೂರಿಸಿದರು. 

ರಾಣೆಬೆನ್ನೂರು ಸರ್ವೆಯರ್

ಎಲ್ಲರೂ ಕಟ್ಟೆಯ ಬಗ್ಗೆ ಮಾತಾಡ್ತಿದ್ದೀರಿ. ಆದರೆ ಕಟ್ಟೆ ಕುರುಡು ಕಣ್ರೀ. ಗುಂಡಿಯಲ್ಲಿ ನಿಂತವನಿಗೆ ಸಮುದ್ರವೇ ಕಾಣಲ್ಲ. ಎಲ್ಲಿ ಹೊಡೀಬೇಕು ಅಂತ ಹೇಳೋದು ಬೇರೆಯವರು. ಇದು ನನ್ನ ಕಸುಬಿಗೆ ಹತ್ತಿರದ್ದು, ಸ್ವಲ್ಪ ಉದ್ದ ಬರೀತೀನಿ, ಬೇಸರ ಮಾಡ್ಕೋಬೇಡಿ.

ಒಂದು ವಿಧಾನ ನಮಗೆಲ್ಲ ಗೊತ್ತಿರುವ ತ್ರಿಕೋನ. ದಂಡೆಯಲ್ಲಿ ದೂರ ದೂರ ಎರಡು ಸಣ್ಣ ಗೂಡು. ಅವುಗಳ ನಡುವಿನ ಅಂತರ ಮೊದಲೇ ಪಕ್ಕಾ ಅಳೆದಿರುತ್ತದೆ. ಎರಡೂ ಕಡೆಯಿಂದ ಒಂದೇ ಹಡಗಿಗೆ ದುರ್ಬೀನು ಹಿಡಿಯುತ್ತಾರೆ. ಗಂಟೆ ಬಾರಿಸಿದ ಕೂಡಲೇ ಇಬ್ಬರೂ ಕೋನ ಓದಿ ಫೋನಿನಲ್ಲಿ ಹೇಳಬೇಕು. ಲೆಕ್ಕದ ಕೋಣೆಯಲ್ಲಿ ದೊಡ್ಡ ಹಲಗೆ, ಅದರ ಮೇಲೆ ಎರಡು ತೋಳು. ತೋಳು ಕೂಡುವ ಕಡೆ ಹಡಗು. ಸ್ವಲ್ಪ ಹೊತ್ತಿಗೆ ಮತ್ತೆ ಗಂಟೆ, ಮತ್ತೊಂದು ಚುಕ್ಕಿ. ನಾಲ್ಕು ಚುಕ್ಕಿ ಕೂಡಿಸಿದರೆ ಹಡಗಿನ ದಾರಿ ಸಿಕ್ಕಿತು. ಗುಂಡು ಹೋಗಿ ಮುಟ್ಟುವ ಹೊತ್ತಿಗೆ ಹಡಗು ಎಲ್ಲಿರುತ್ತೋ ಆ ಜಾಗಕ್ಕೆ ಹೊಡೀಬೇಕು.

ಇನ್ನೊಂದು ವಿಧಾನಕ್ಕೆ ಒಬ್ಬನೇ ಸಾಕು, ಆದರೆ ಗುಡ್ಡ ಬೇಕು. ನೀರಿನ ಮಟ್ಟದಿಂದ ನಿಮ್ಮ ದುರ್ಬೀನು ಎಷ್ಟು ಎತ್ತರ ಅಂತ ಗೊತ್ತು. ಹಡಗಿನ ಬುಡ ನೀರಿಗೆ ತಾಗುವ ಗೆರೆಗೆ ಕೋನ ಇಳಿಸಿ ಓದಿ. ಎತ್ತರ ಮತ್ತು ಕೋನ ಸಿಕ್ಕರೆ ದೂರ ಸಿಕ್ಕ ಹಾಗೆ. ಲೆಕ್ಕ ಹಾಕಿ ನೋಡೋಣ. ದುರ್ಬೀನು 60 ಮೀಟರ್ ಎತ್ತರದಲ್ಲಿದೆ, ಹಡಗು 6 ಕಿಲೋಮೀಟರ್ ದೂರ. ಕೋನ ಬರೋದು ಅರ್ಧ ಡಿಗ್ರಿಗಿಂತ ಚೂರು ಜಾಸ್ತಿ. ಅದರಲ್ಲಿ ಡಿಗ್ರಿಯ ನೂರನೇ ಒಂದು ಭಾಗ ತಪ್ಪಿದರೆ ದೂರದಲ್ಲಿ ನೂರು ಮೀಟರ್ ತಪ್ಪು! ಎತ್ತರ 120 ಮೀಟರ್ ಆದರೆ ತಪ್ಪು ಅರ್ಧಕ್ಕೆ ಇಳಿಯುತ್ತದೆ. ಉಬ್ಬರ ಇಳಿತ ಬೇರೆ. ನೀರು ಒಂದು ಮೀಟರ್ ಏರಿದ್ದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಅಲ್ಲಿಯೂ ಸುಮಾರು ನೂರು ಮೀಟರ್ ಹೋಯಿತು. ಅದಕ್ಕೇ ಆ ಯಂತ್ರಗಳಲ್ಲಿ ಉಬ್ಬರಕ್ಕೆ ಸರಿಪಡಿಸುವ ಏರ್ಪಾಟು ಇರುತ್ತಿತ್ತು.

ಮಾಡೆಲರ್ ಅವರೇ, ಜಾಗ ಇದ್ದರೆ ಪಕ್ಕದಲ್ಲಿ ಎತ್ತರಕ್ಕೆ ಒಂದು ಸಣ್ಣ ಗೂಡು ಇಡಿ. ಅಡ್ಡಕ್ಕೆ ಕಿರಿದಾದ ಸೀಳು ಕಿಟಕಿ, ಒಳಗೆ ದುರ್ಬೀನು ನಿಲ್ಲಿಸೋಕೆ ಕಾಂಕ್ರೀಟ್ ಕಂಬ. ಕಂಬಕ್ಕೂ ನೆಲಕ್ಕೂ ತಾಕಬಾರದು, ಯಾರಾದರೂ ಓಡಾಡಿದರೆ ದುರ್ಬೀನು ಅಲುಗಬಾರದಲ್ಲ.

ಸಾಧನಕೇರಿ ಹುಡುಗ

ಇಷ್ಟೆಲ್ಲ ಲೆಕ್ಕ ಹಾಕಿ ಏನು ಬಂತು ಸರ್? ಸಿಂಗಪುರದಲ್ಲಿ ತೋಪುಗಳೆಲ್ಲ ಸಮುದ್ರದ ಕಡೆ ಮುಖ ಮಾಡಿ ನಿಂತಿದ್ದವಂತೆ. ಜಪಾನಿನವರು ಹಿಂಬಾಗಿಲಿನಿಂದ ಬಂದರಂತೆ. ತೋಪು ತಿರುಗಲೇ ಇಲ್ಲವಂತೆ.

ನಿವೃತ್ತ ತೋಪಚಿ

ಈ ಕಥೆ ಎಲ್ಲೆಡೆ ಇದೆ. ಅರ್ಧ ನಿಜ, ಅರ್ಧ ಸುಳ್ಳು. ಸಿಂಗಪುರದಲ್ಲಿ 15 ಇಂಚಿನ ಐದು ತೋಪು ಇದ್ದವು. ಚಾಂಗಿ ಕಡೆಯ ಜೊಹೋರ್ ಬ್ಯಾಟರಿಯಲ್ಲಿ ಮೂರು, ಬುವೋನಾ ವಿಸ್ತಾದಲ್ಲಿ ಎರಡು. ಜೊಹೋರ್ ಬ್ಯಾಟರಿಯವು ನೆಲದ ಕಡೆಗೂ ತಿರುಗಿದವು, ಹಾರಿಸಿದವು ಕೂಡ. ತೊಂದರೆ ಇದ್ದದ್ದು ಗುಂಡಿನಲ್ಲಿ. ಹಡಗಿನ ಉಕ್ಕು ತೂರೋಕೆ ಮಾಡಿದ ಗುಂಡು, ಒಂದೊಂದು 880 ಕಿಲೋ ಹತ್ತಿರ. ಅದು ಮೆತ್ತನೆ ನೆಲಕ್ಕೆ ಬಿದ್ದರೆ ಆಳಕ್ಕೆ ಇಳಿದು ಅಲ್ಲೇ ಸಿಡಿಯುತ್ತದೆ. ದಂಡಿನ ಮೇಲೆ ಚೂರು ಹಾರಲ್ಲ. ದಂಡಿಗೆ ಬೇಕಾದದ್ದು ಬೇರೆ ಗುಂಡು, ಅದರ ದಾಸ್ತಾನು ಸಾಲದಾಗಿತ್ತು. 1942ರ ಫೆಬ್ರವರಿ 15ಕ್ಕೆ ಸಿಂಗಪುರ ಬಿತ್ತು.

ಇನ್ನೊಂದು ಮಾತು. ಜಪಾನಿನವರು ಸಮುದ್ರದ ಕಡೆಯಿಂದ ಯಾಕೆ ಬರಲಿಲ್ಲ ಅಂತ ಯಾರೂ ಕೇಳಲ್ಲ. ಆ ತೋಪುಗಳು ಇದ್ದವು ಅಂತಲೇ ಅಲ್ವಾ?

ಬೆಟಗೇರಿ ಟೀಚರ್

ಎರಡು ಉದಾಹರಣೆ ಹೇಳ್ತೀನಿ, ಒಂದು ಸೋಲು, ಒಂದು ಗೆಲುವು.

ಸೋಲು ನಮ್ಮ ಮದ್ರಾಸಿನದು. 1914ರ ಸೆಪ್ಟೆಂಬರ್ 22ರ ರಾತ್ರಿ ಜರ್ಮನಿಯ ಎಂಡನ್ ಹಡಗು ಬಂದು ಬರ್ಮಾ ಆಯಿಲ್ ಕಂಪನಿಯ ಟ್ಯಾಂಕುಗಳಿಗೆ ಬೆಂಕಿ ಹಚ್ಚಿ ಹೋಯಿತು. ದಂಡೆಯ ತೋಪುಗಳು ತಿರುಗಿ ಹಾರಿಸಿದವು, ಒಂದೂ ತಾಗಲಿಲ್ಲ.

ಗೆಲುವು ನಾರ್ವೆಯದು. 1940ರ ಏಪ್ರಿಲ್ 9ರ ನಸುಕು. ಓಸ್ಲೋಗೆ ಹೋಗುವ ಇಕ್ಕಟ್ಟಾದ ನೀರಿನ ದಾರಿಯಲ್ಲಿ ಓಸ್ಕರ್ಸ್‌ಬೋರ್ಗ್ ಕೋಟೆ. ತೋಪುಗಳು 1890ರ ದಶಕದವು, ಕ್ರುಪ್ ಕಂಪನಿಯ 280 ಮಿಲಿಮೀಟರಿನವು. ಎದುರು ಜರ್ಮನಿಯ ಹೊಚ್ಚ ಹೊಸ ಹಡಗು ಬ್ಲೂಷರ್. ದೊಡ್ಡ ತೋಪಿನಿಂದ ಎರಡೇ ಗುಂಡು, ಎರಡೂ ತಾಗಿದವು. ಆಮೇಲೆ ದಂಡೆಯ ಬಂಡೆಯೊಳಗೆ ಅಡಗಿಸಿದ್ದ ಟಾರ್ಪೆಡೋಗಳು. ಹಡಗು ಮುಳುಗಿತು. ಅಷ್ಟರಲ್ಲಿ ನಾರ್ವೆಯ ರಾಜ, ಸರ್ಕಾರ ಓಸ್ಲೋ ಬಿಟ್ಟು ತಪ್ಪಿಸಿಕೊಂಡರು. ಗಮನಿಸಿ ಹುಡುಗಾ, ಆ ತೋಪುಗಳ ಮೇಲೆ ಸ್ಲಾಬ್ ಇರಲಿಲ್ಲ.

ಸಾಧನಕೇರಿ ಹುಡುಗ

ಒಪ್ಪಿದೆ ಟೀಚರ್. ಆದರೆ ಸ್ಲಾಬ್ ಇರುವವು ಬಂದದ್ದಾದರೂ ಯಾಕೆ? ಸುಮ್ನೆ ಯಾರೂ ಅಷ್ಟು ಸಿಮೆಂಟ್ ಸುರಿಯಲ್ಲ.

ನಿವೃತ್ತ ತೋಪಚಿ

ಎರಡು ಕಾರಣ. ಹಡಗಿನ ತೋಪುಗಳು ನಳಿಗೆ ಮೇಲಕ್ಕೆತ್ತಿ ದೂರದಿಂದ ಹೊಡೆಯೋಕೆ ಕಲಿತವು. ದೂರದಿಂದ ಬಂದ ಗುಂಡು ಕಡಿದಾಗಿ ಇಳಿಯುತ್ತದೆ, ಅಡ್ಡಗೋಡೆಯ ಹಿಂದೆಯೇ ಬೀಳುತ್ತದೆ. ಅಡಗುವ ತೋಪಿಗೋ ನಳಿಗೆ ಜಾಸ್ತಿ ಎತ್ತೋಕೆ ಬರಲ್ಲ, ಶುರುವಿನವು 10ರಿಂದ 15 ಡಿಗ್ರಿ ಅಷ್ಟೆ. ಅಷ್ಟು ದೂರದ ಹಡಗಿಗೆ ಎದುರೇಟು ಕೊಡೋಕೂ ಆಗಲ್ಲ. ಎರಡನೆಯದು ನೀನು ಮೊದಲು ಹೇಳಿದ್ದೇ, ವಿಮಾನ.

ಸ್ಲಾಬಿಗೆ ಬೆಲೆಯೂ ಇದೆ. ಗುಂಡಿಯಲ್ಲಿ ತೋಪು ಸುತ್ತಲೂ ತಿರುಗಬಹುದು. ಸ್ಲಾಬಿನ ಕೆಳಗೆ ಇಟ್ಟರೆ ಕಿಂಡಿ ಇರುವಷ್ಟೇ ದಿಕ್ಕು. ಫ್ರಾನ್ಸಿನ ನಾರ್ಮಂಡಿ ತೀರದ ಪಾಯಿಂಟ್ ದು ಹಾಕ್‌ನಲ್ಲಿ ಎರಡನ್ನೂ ಅಕ್ಕಪಕ್ಕ ನೋಡಬಹುದು. ಫ್ರೆಂಚರಿಂದ ಕಿತ್ತುಕೊಂಡ 155 ಮಿಲಿಮೀಟರ್ ತೋಪುಗಳಿಗೆ ಜರ್ಮನ್ನರು ಮೊದಲು ತೆರೆದ ಗುಂಡಿ ಮಾಡಿದ್ದರು. ಬಾಂಬಿನ ಕಾಟ ಶುರುವಾದ ಮೇಲೆ ಸ್ಲಾಬಿನ ಮನೆ ಕಟ್ಟತೊಡಗಿದರು. 1944ರ ಜೂನ್ 6ರಂದು ಅಮೆರಿಕದ ರೇಂಜರ್‌ಗಳು ಹಗ್ಗ ಹಿಡಿದು ಬಂಡೆ ಹತ್ತಿ ನೋಡಿದರೆ ತೋಪೇ ಇಲ್ಲ, ಜಾಗದಲ್ಲಿ ಮರದ ದಿಮ್ಮಿ! ತೋಪುಗಳನ್ನು ಒಳನಾಡಿಗೆ ಸಾಗಿಸಿ ಬಚ್ಚಿಟ್ಟಿದ್ದರು. ಹುಡುಕಿ ಕೆಡಿಸಿದರು.

ಲಾಂಗ್-ಸ್ಯೂರ್-ಮೇರ್ ಅಂತ ಇನ್ನೊಂದು ಜಾಗ, ಅಲ್ಲಿಂದ ದೂರ ಇಲ್ಲ. ನಾಲ್ಕು ತೋಪು, ನಾಲ್ಕಕ್ಕೂ ಸ್ಲಾಬ್. ಸರ್ವೆಯರ್ ಸಾಹೇಬರ ಗೂಡು ಅಲ್ಲಿಯೂ ಇದೆ, ಬಂಡೆಯ ಅಂಚಿಗೆ. ಬಾಂಬು ಬಿದ್ದು ಗೂಡಿಗೂ ತೋಪಿಗೂ ಇದ್ದ ಫೋನ್ ತಂತಿ ಕಡಿಯಿತು. ಸ್ಲಾಬ್ ಗಟ್ಟಿಯಾಗೇ ಇತ್ತು, ನಿಶಾನೆ ಕೆಟ್ಟಿತು. ಮೇಲೆ ಬ್ರಿಟಿಷರ ಏಜಾಕ್ಸ್ ಹಡಗು ಗುಂಡು ಸುರಿಯಿತು. ಮಾರನೇ ದಿನ ಶರಣು. ಆ ತೋಪುಗಳು ಈಗಲೂ ಕಟ್ಟೆಯಲ್ಲೇ ಇವೆ.

ಗೋಕುಲ ರೋಡ್ ಗೌಂಡಿ

ಆ ಜರ್ಮನ್ ಸ್ಲಾಬುಗಳು ನಮ್ಮಂಥವರಿಗೆ ಪಾಠ. ನಕ್ಷೆ ಎಲ್ಲ ಸ್ಟ್ಯಾಂಡರ್ಡ್, ನಂಬರ್ ಹೇಳಿದರೆ ಸಾಕು, ಗೋಡೆ ಸ್ಲಾಬ್ ಸಾಮಾನ್ಯವಾಗಿ 2 ಮೀಟರ್ ದಪ್ಪ. ನಿಮ್ಮ ಅಳತೆಯಲ್ಲಿ 57 ಮಿಲಿಮೀಟರ್ ಆಯಿತು. ಕಾಂಕ್ರೀಟ್ ಹಾಕೋಕೆ ಶುರು ಮಾಡಿದರೆ ಹಗಲು ರಾತ್ರಿ ನಿಲ್ಲಿಸದೆ ಹಾಕಬೇಕು. ಮಧ್ಯೆ ನಿಲ್ಲಿಸಿದರೆ ಜಾಯಿಂಟ್ ಬರುತ್ತದೆ. ಮನೆ ಸ್ಲಾಬಲ್ಲಿ ಆ ಜಾಯಿಂಟಲ್ಲಿ ನೀರು ಸೋರುತ್ತೆ, ಇಲ್ಲಿ ಗುಂಡು ಬಡಿದಾಗ ಅಲ್ಲೇ ಬಿಟ್ಟುಕೊಳ್ಳುತ್ತೆ.

ಇನ್ನೊಂದು ಸಂಗತಿ ಕೇಳಿ. ಗುಂಡು ಹೊರಗಡೆ ಬಡಿದು ಒಳಕ್ಕೆ ತೂರದೇ ಇದ್ದರೂ, ಆ ಏಟಿಗೆ ಒಳಗಿನ ಮೈಯಿಂದ ಕಾಂಕ್ರೀಟ್ ಚಕ್ಕೆ ಹಾರುತ್ತದೆ. ಒಳಗಿದ್ದವರು ತಮ್ಮ ಸ್ಲಾಬಿನಿಂದಲೇ ಸಾಯಬಹುದು. ಅದಕ್ಕೇ ಚಾವಣಿಯ ಕೆಳಮೈಗೆ ಉಕ್ಕಿನ ತೊಲೆ, ನಡುವೆ ತಗಡು. ಸೆಂಟ್ರಿಂಗೂ ಅದೇ ಆಯಿತು, ಬಿಚ್ಚುವ ಕೆಲಸ ಇಲ್ಲ. ಕಿಂಡಿಯ ಅಂಚು ಮೆಟ್ಟಿಲು ಮೆಟ್ಟಿಲು ಇರೋದನ್ನು ಫೋಟೋದಲ್ಲಿ ನೋಡಿರಬೇಕು. ಅಂದಕ್ಕಲ್ಲ. ನುಣುಪಾದ ಇಳಿಜಾರು ಬಿಟ್ಟರೆ ಬಂದ ಗುಂಡು ಜಾರಿ ಸೀದಾ ಒಳಗೇ ಹೋಗುತ್ತದೆ.

ಸಾಧನಕೇರಿ ಹುಡುಗ

ಅಣ್ಣಾ, ನೀವು ಫೋರ್ಟ್ ಡ್ರಮ್ ಮಾಡಿಬಿಡಿ. ಮನಿಲಾ ಕೊಲ್ಲಿಯಲ್ಲಿ ಒಂದು ಪುಟ್ಟ ದ್ವೀಪವನ್ನೇ ಕಡಿದು ಹಡಗಿನ ಆಕಾರದಲ್ಲಿ ಕಾಂಕ್ರೀಟ್ ಹಾಕಿದ್ದಾರೆ. ಮೇಲೆ 14 ಇಂಚಿನ ನಾಲ್ಕು ತೋಪು.

ವಿದ್ಯಾನಗರ ಮಾಡೆಲರ್

ಅದರ ಉದ್ದ ನೂರು ಮೀಟರ್ ದಾಟುತ್ತೆ ಮಾರಾಯಾ. 1:35ರಲ್ಲಿ ಮೂರು ಮೀಟರ್. ನಮ್ಮ ಹಾಲ್ ತುಂಬಿ ಬಾಗಿಲಾಚೆ ಹೋಗುತ್ತೆ. ನನ್ನ ಹೆಂಡತಿ ನನ್ನನ್ನೂ ಆಚೆ ಹಾಕ್ತಾಳೆ.

ಅಂದಹಾಗೆ ಇಂಥದ್ದು ನಮ್ಮ ಕಾರವಾರದ ಕಡೆ ನೋಡೋಕೆ ಸಿಗುತ್ತಾ? ಹುಬ್ಬಳ್ಳಿಯಿಂದ ಒಂದೇ ದಿನದಲ್ಲಿ ಹೋಗಿ ಬರಬಹುದಲ್ಲ.

ರಾಣೆಬೆನ್ನೂರು ಸರ್ವೆಯರ್

ಕಾಳಿ ನದಿ ಸೇತುವೆ ಪಕ್ಕದ ಸದಾಶಿವಗಡ ಹತ್ತಿ. ಅದು ಹಳೇ ಕಾಲದ ಕೋಟೆ, ನಿಮಗೆ ಬೇಕಾದ ಕಾಂಕ್ರೀಟ್ ಅಲ್ಲ. ಆದರೆ ನದಿ ಬಾಯಿ, ಸಮುದ್ರ, ದ್ವೀಪ ಎಲ್ಲ ಒಂದೇ ನೋಟಕ್ಕೆ ಸಿಗುತ್ತವೆ. ತೋಪು ಎಲ್ಲಿಡಬೇಕು ಅಂತ ಜಾಗವೇ ಹೇಳುತ್ತದೆ. ಅಂಜದೀವ್ ದ್ವೀಪ ಅಲ್ಲೇ ಹತ್ತಿರ. 1961ರ ನವೆಂಬರ್‌ನಲ್ಲಿ ಪೋರ್ಚುಗೀಸರು ಅಲ್ಲಿಂದ ಸಾಬರಮತಿ ಅನ್ನೋ ಹಡಗಿನ ಮೇಲೆ ಗುಂಡು ಹಾರಿಸಿದ್ದರು. ಮುಂದಿನ ತಿಂಗಳು ಗೋವಾ ಕಾರ್ಯಾಚರಣೆಯಲ್ಲಿ ಆ ದ್ವೀಪ ಹಿಡಿಯುವಾಗ ನಮ್ಮ ನೌಕಾಪಡೆಯ ಏಳು ಜನ ಸತ್ತರು. ಈಗ ಅದು ನೌಕಾನೆಲೆಯ ಜಾಗ, ಹೋಗೋಕೆ ಬಿಡಲ್ಲ. ಕ್ಯಾಮೆರಾ ಹಿಡಿದು ಆ ಕಡೆ ಅಲೆದಾಡಬೇಡಿ.

ಇವತ್ತು ಯಾರೂ ತೋಪಿನ ಕಟ್ಟೆ ಕಟ್ಟಲ್ಲ. ಫಿಲಿಪ್ಪೀನ್ಸ್ 2022ರಲ್ಲಿ ನಮ್ಮಿಂದ ಬ್ರಹ್ಮೋಸ್ ಕ್ಷಿಪಣಿ ಕೊಳ್ಳೋಕೆ ಒಪ್ಪಂದ ಮಾಡಿಕೊಂಡಿತು, ತೀರದಿಂದ ಹಡಗಿಗೆ ಹೊಡೆಯೋದಕ್ಕೇ. ಎಲ್ಲ ಲಾರಿ ಮೇಲೆ. ಹೊಡೆದು ಬೇರೆ ಕಡೆ ಹೋಗಿ ನಿಂತರಾಯಿತು. ಜಾಗ ಗೊತ್ತಾದ ಕಟ್ಟೆಗೆ ಈಗ ಆಯುಷ್ಯ ಇಲ್ಲ.

ವಿದ್ಯಾನಗರ ಮಾಡೆಲರ್

ಸರಿ, ತೀರ್ಮಾನ ಆಯಿತು. ಸ್ಲಾಬ್ ಇಲ್ಲ. 6 ಇಂಚಿನ ಅಡಗುವ ತೋಪು, ಒಂದೇ ಗುಂಡಿ, ಪಕ್ಕದಲ್ಲಿ ದುರ್ಬೀನಿನ ಗೂಡು. ನಳಿಗೆ ಸುಮಾರು 22 ಸೆಂಟಿಮೀಟರ್ ಬರುತ್ತೆ, ಪಿವಿಸಿ ಪೈಪ್ ತಿದ್ದಿ ಮಾಡ್ತೀನಿ. ಏರಿಳಿಯುವ ಹಾಗೆ ಮಾಡೋಕೆ ಸೀಸದ ಭಾರದ ಜಾಗಕ್ಕೆ ಮೀನು ಗಾಳದ ಗುಂಡು ಹಾಕಿ ನೋಡ್ತೀನಿ. ಬಣ್ಣ, ನೀರು ಹೋಗುವ ದಾರಿ ಬಗ್ಗೆ ಗೌಂಡಿ ಅಣ್ಣ ಹೇಳಿದರೆ ಉಪಕಾರ.

ಗೋಕುಲ ರೋಡ್ ಗೌಂಡಿ

ಬೂದು ಬಣ್ಣ ಒಂದೇ ಸಮ ಬಳಿಯಬೇಡಿ. ಸೆಂಟ್ರಿಂಗ್ ಹಲಗೆಯ ಗುರುತು ಅಡ್ಡಡ್ಡ ಬರಲಿ. ಪಿಒಪಿ ಹಸಿ ಇದ್ದಾಗಲೇ ಐಸ್‌ಕ್ರೀಂ ಕಡ್ಡಿ ಒತ್ತಿದರೆ ಬರುತ್ತೆ. ಬೋಲ್ಟುಗಳ ಬುಡದಿಂದ ತುಕ್ಕು ಇಳಿದಿರಲಿ, ಆದರೆ ಗೋಡೆಯಲ್ಲೆಲ್ಲ ತುಕ್ಕು ಬೇಡ, ಒಳಗೆ ರಾಡಿಲ್ಲ ಅಂದೆನಲ್ಲ. ಬಿರುಕಿನ ಕೆಳಗೆ ಬಿಳಿ ಸುಣ್ಣದ ಗೆರೆ ಎಳೀರಿ. ಗುಂಡಿ ನೆಲ ಮಧ್ಯದಿಂದ ಅಂಚಿಗೆ ಇಳಿಜಾರು, ಅಂಚಿನಲ್ಲಿ ಸುತ್ತ ಸಣ್ಣ ಗಟಾರ, ಅದರ ಬಾಯಿ ಹಿಂಬದಿಗೆ. ಮದ್ದಿನ ಮನೆಯ ಬಾಗಿಲೂ ಹಿಂಬದಿಗೇ ಬರುತ್ತೆ, ಗಟಾರದ ನೀರು ಅದರ ಹೊಸ್ತಿಲಿಗೆ ಹೋಗದ ಹಾಗೆ ನೋಡಿಕೊಳ್ಳಿ. ಬೋಲ್ಟಿನ ಬಳೆ ಮೊದಲು ಕೂರಿಸಿ, ಲೆವೆಲ್ ನೋಡಿ, ಆಮೇಲೆ ಉಳಿದದ್ದು. ಪಿಒಪಿ ಹಾಕುವ ದಿನ ಫೋನ್ ಮಾಡಿ, ನನ್ನ ಸಣ್ಣ ಸ್ಪಿರಿಟ್ ಲೆವೆಲ್ ತಂದು ಕೊಡ್ತೀನಿ.